ಕೈಗೆ ಸಿಕ್ಕ ಲೆಕ್ಕ, ಕಿವಿಗೆ ಸಿಕ್ಕ ಅಕ್ಷರ

ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ ಬಂಧುಗಳ ಮನೆಗೆ ಹೋದಾಗ ನಡೆದ ಸಂಗತಿಯಿದು. ಆ ಮನೆಯ ಆರು ವರುಷದ ಹುಡುಗಿಯು ಒಂದನೆಯ ಇಯತ್ತೆಗೆ ಸೇರಿ ನಾಲ್ಕು ತಿಂಗಳಾಗಿದ್ದವು. ಬಂದವರ ಮುಂದೆ ಮಗುವಿನ ವಿದ್ಯೆಯನ್ನು ಮೆರೆಯಿಸುವದು ನಮ್ಮ ಮನೆಗಳ ವಾಡಿಕೆಯಷ್ಟೆ. ಅಜ್ಜನವರು ಅವಳನ್ನು ಕರೆದು, “ನೂರರ ತನಕ ಅಂಕಿ ಹೇಳವಾ” ಎಂದರು. ಹುಡುಗಿಯು ಕೈಕಟ್ಟಿ ನಿಂತು ಉಸಿರು ಬಿಡದೆ ನೂರರ ವರೆಗೂ ಒಪ್ಪಿಸಿದಳು. ಎಲ್ಲರೂ ಭಲೇ ಎಂದರು. ಅಷ್ಟರಲ್ಲಿ ಅಡಿಗೆಯ ಮನೆಯಿಂದ ಅವಳ ತಾಯಿಯು, “ಏಳು ಉಳ್ಳಾಗಡ್ಡಿ ತಗೊಂಡ ಬಾ” ಎಂದು ಕೂಗಿದಳು. ಹುಡುಗಿಯು ಬುಟ್ಟಿಯ ಮುಂದೆ ಕುಳಿತು ಎಣಿಸತೊಡಗಿದಳು. ಬೆರಳು ಇನ್ನೂ ಒಂದೇ ಗಡ್ಡೆಯ ಮೇಲಿರುವಾಗ ಬಾಯಿಯು ಎರಡು ಅಂಕಿ ಮುಂದಕ್ಕೆ ಓಡಿತ್ತು. ಕೊನೆಗೆ ಐದು ಗಡ್ಡೆಗಳನ್ನು ಉಡಿಯಲ್ಲಿ ತಂದು, ತಾಯಿಯ ಮೋರೆಯನ್ನು ನೋಡುತ್ತ ನಿಂತಳು. “ಸಾಲಿಗೆ ಹೋಗಿ ಏನ ಕಲತಿ?” ಎಂದು ಅಜ್ಜನವರು ನಕ್ಕರು. ಎಲ್ಲರೂ ನಕ್ಕರು. ಹುಡುಗಿಯು ಮಾತ್ರ ನಗಲಿಲ್ಲ. ಆ ದಿನ ಮತ್ತೆ ಯಾರು ಕರೆದರೂ ಹೊರಗೆ ಬರಲಿಲ್ಲ.

ಈ ಹುಡುಗಿಯು ದಡ್ಡಿಯೆ? ಖಂಡಿತವಾಗಿ ಅಲ್ಲ. ನೂರು ಶಬ್ದಗಳನ್ನು ಕ್ರಮತಪ್ಪದೆ ನೆನಪಿನಲ್ಲಿಡುವ ಮಗುವು ದಡ್ಡವಾಗಿರಲು ಹೇಗೆ ಸಾಧ್ಯ? ತಪ್ಪು ಕಲಿಸಿದವರಾದ ನಮ್ಮದು. ನಾವು ಅವಳಿಗೆ ಅಂಕಿಗಳ ಹಾಡನ್ನು ಕಲಿಸಿದೆವು, ಅಂಕಿಯನ್ನು ಕಲಿಸಲಿಲ್ಲ. ಅಕ್ಷರದ ಸಂಗತಿಯೂ ಹೀಗೆಯೇ. ಅ, ಆ, ಇ, ಈ ಎಂದು ಮೊದಲಿನಿಂದ ಹಾಡುತ್ತ ಬಂದರೆ ‘ಮ’ದ ವರೆಗೆ ಬರುವ ಮಗುವು, ಅಂಗಡಿಯ ಹಲಿಗೆಯ ಮೇಲೆ ಒಂಟಿಯಾಗಿ ನಿಂತ ‘ಮ’ವನ್ನು ಕಂಡಾಗ ತಬ್ಬಿಬ್ಬಾಗುತ್ತದೆ. ಬಾಯಿಪಾಠವು ಬೇಡವೆಂದು ನಾನು ಹೇಳುವದಿಲ್ಲ. ಮಗ್ಗಿಯು ಬಾಯಲ್ಲಿದ್ದವನಿಗೆ ಸಂತೆಯಲ್ಲಿ ಮೋಸವಾಗುವದಿಲ್ಲವೆಂಬದು ನಿಜ. ಆದರೆ ಕೈಯು ಎಣಿಸಿದ ಮೇಲೆ ಬಾಯಿಯು ಹೇಳಬೇಕು. ಕಿವಿಯು ಬೇರ್ಪಡಿಸಿದ ಮೇಲೆ ಕಣ್ಣು ಓದಬೇಕು. ಈ ಕ್ರಮವು ತಿರುವುಮುರುವಾದರೆ ಮಗುವಿನ ಕಲಿಕೆಯು ಟೊಳ್ಳಾಗುತ್ತದೆ.

ಇದು ಹೊಸಮಾತೇನೂ ಅಲ್ಲ. ಹಿಂದಿನ ಗಾಂವಠಿ ಶಾಲೆಗಳಲ್ಲಿ ಹುಡುಗರು ಉಸುಕನ್ನು ಹರವಿ ಅದರ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ೧೯೦೭ರಲ್ಲಿ ರೋಮ್ ನಗರದಲ್ಲಿ ತಮ್ಮ ಶಿಶುಮಂದಿರವನ್ನು ತೆರೆದ ಮಾರಿಯಾ ಮಾಂಟೆಸೊರಿಯವರು ಉಸುಕು ಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ, ಮಕ್ಕಳಿಗೆ ಬೆರಳಿನಿಂದ ಸವರಲು ಕೊಟ್ಟರು. ಸವರುವಾಗ ಅಕ್ಷರದ ಧ್ವನಿಯನ್ನು ಹೇಳಿಸಿದರು. ೧೯೩೯ರಲ್ಲಿ ಅವರು ಭಾರತಕ್ಕೆ ಬಂದು ಮದ್ರಾಸಿನಲ್ಲಿ ಶಿಕ್ಷಕರಿಗೆ ಆ ಪದ್ಧತಿಯನ್ನು ಬೋಧಿಸಿದರು. ನಮ್ಮ ಹಿರಿಯರ ಉಸುಕಿಗೂ ಆ ಉಸುಕು ಕಾಗದಕ್ಕೂ ಮೂಲದಲ್ಲಿರುವ ತತ್ತ್ವವು ಒಂದೇ: ಬೆರಳು ನಡೆದ ದಾರಿಯನ್ನು ಮನಸ್ಸು ಮರೆಯುವದಿಲ್ಲ.

ಇನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ಸೀಮೆಯ ಗೃಹಸ್ಥರು ಒಂದು ಕಾಸನ್ನೂ ವೆಚ್ಚಮಾಡದೆ ಮನೆಯಲ್ಲಿಯೇ ನಡೆಯಿಸಬಹುದಾದ ಕೆಲವು ಆಟಗಳನ್ನು ಹೇಳುವೆನು. ಸಂಜೆಯ ಅರ್ಧ ತಾಸು ಇದಕ್ಕೆ ಸಾಕು.

ಮೊದಲನೆಯ ಪಾಠವು ನಮ್ಮ ಊರುಗಳ ಹೆಸರಿನಲ್ಲಿಯೇ ಇದೆ. ಒಂದು ಹಿಡಿ ಹುಣಸೆಯ ಬೀಜಗಳನ್ನು ಮಗುವಿನ ಮುಂದಿಡಿರಿ. “ಕಿತ್ತೂರು” ಎಂದು ನಿಧಾನವಾಗಿ ಹೇಳಿ, ಒಂದೊಂದು ತುಣುಕಿಗೆ ಒಂದು ಸಲ ಚಪ್ಪಾಳೆ ತಟ್ಟಿಸಿ, ಒಂದೊಂದು ಬೀಜವನ್ನು ಸಾಲಾಗಿ ಇಡಿಸಿರಿ. ಮೂರು ಬೀಜಗಳಾದವು. ಅದರ ಕೆಳಗೆ ‘ಸವದತ್ತಿ’ಗೆ ನಾಲ್ಕು, ‘ರಾಮದುರ್ಗ’ಕ್ಕೆ ನಾಲ್ಕು, ‘ಬೈಲಹೊಂಗಲ’ಕ್ಕೆ ಐದು. “ಯಾವ ಊರಿನ ಹೆಸರು ಎಲ್ಲಕ್ಕಿಂತ ಉದ್ದ? ಕಿತ್ತೂರಿಗಿಂತ ಬೈಲಹೊಂಗಲಕ್ಕೆ ಎಷ್ಟು ಬೀಜ ಹೆಚ್ಚು? ಯಾವ ಎರಡು ಊರು ಸರಿಸಮ?” ಎಂದು ಕೇಳಿರಿ. ಒಂದೇ ಆಟದಲ್ಲಿ ಮಗುವು ಶಬ್ದವನ್ನು ಒಡೆಯಲು ಕಲಿಯಿತು, ಎಣಿಸಲು ಕಲಿಯಿತು, ಹೆಚ್ಚುಕಡಿಮೆಯನ್ನು ಕಣ್ಣಾರೆ ಕಂಡಿತು. ಇಲ್ಲಿ ಒಂದು ಸೂಕ್ಷ್ಮವುಂಟು. ಮಗುವಿನ ಕಿವಿಯು ‘ಕಿತ್–ತೂ–ರು’ ಎಂದು ಒಡೆಯುತ್ತದೆ. ಬರವಣಿಗೆಯು ‘ಕಿ–ತ್ತೂ–ರು’ ಎಂದು ಒಡೆಯುತ್ತದೆ. ಎರಡರಲ್ಲಿಯೂ ಬೀಜಗಳು ಮೂರೇ. ಆದುದರಿಂದ ಮಗುವು ಕಿವಿಯ ಲೆಕ್ಕವನ್ನು ಹೇಳಿದಾಗ ತಪ್ಪೆನ್ನಬೇಡಿರಿ. ಒತ್ತಕ್ಷರದ ದಿನ ಬಂದಾಗ ಅದು ತಾನೇ ತಿಳಿದುಕೊಳ್ಳುವದು. ‘ರಾಮದುರ್ಗ’ದ ಕೊನೆಯ ಅಕ್ಷರದಲ್ಲಿ ರಕಾರವು ಮೊದಲು ಕೇಳಿಸಿ, ಅದರ ಗುರುತು ಮಾತ್ರ ಗಕಾರದ ಹಿಂದೆ ಬರುತ್ತದೆ. ಇದು ದೊಡ್ಡವರನ್ನೇ ತಡವರಿಸುವ ತೊಡಕು. ಇದನ್ನು ಬಹು ತಡವಾಗಿ ಕಲಿಸತಕ್ಕದ್ದು.

ಎರಡನೆಯದು, ತಲೆಯಕ್ಷರವನ್ನು ಬದಲಿಸುವ ಆಟ. ‘ಕಿತ್ತೂರು’ ಎಂಬಲ್ಲಿ ‘ಕಿ’ಯನ್ನು ತೆಗೆದು ‘ಪು’ ಇಟ್ಟರೆ ಯಾವ ಊರಾಯಿತು? ಪುತ್ತೂರು. ‘ಮ’ ಇಟ್ಟರೆ? ಮತ್ತೂರು. ಮಕ್ಕಳು ಇದರಲ್ಲಿ ಮೈಮರೆತು, ಇಲ್ಲದ ಊರುಗಳನ್ನೂ ಕಟ್ಟಿ ನಗುವರು. ನಗಲಿ, ಆ ನಗೆಯಲ್ಲಿಯೇ ಧ್ವನಿಯು ಶಬ್ದದಿಂದ ಬಿಡಿಸಿಕೊಂಡು ಕೈಗೆ ಬರುತ್ತದೆ. ಬಳಿಕ ಹ್ರಸ್ವ–ದೀರ್ಘಗಳ ಆಟ. ಹ್ರಸ್ವಕ್ಕೆ ಒಂದು ಸಲ, ದೀರ್ಘಕ್ಕೆ ಎರಡು ಸಲ ತೊಡೆಯನ್ನು ತಟ್ಟಬೇಕು. ಬಳೆ–ಬಾಳೆ, ನಡು–ನಾಡು, ಹಳೆ–ಹಾಳೆ, ಕೊಡು–ಕೋಡು. ಛಂದಸ್ಸಿನ ಲಘು–ಗುರುಗಳ ಮಾತ್ರೆಯ ಎಣಿಕೆಯೂ ಇದೇ ರೀತಿಯದು. ಲ–ಳಗಳ ಭೇದಕ್ಕೆ ಬೆಲೆ–ಬೆಳೆ, ಹಲ್ಲಿ–ಹಳ್ಳಿ, ಒತ್ತಿಗೆ ಕತೆ–ಕತ್ತೆ. ‘ಕತೆ’ ಎಂದಾಗ ಕುಳಿತಿರಬೇಕು, ‘ಕತ್ತೆ’ ಎಂದಾಗ ಎದ್ದು ನಿಲ್ಲಬೇಕು. ತಪ್ಪಿದವರು ಮುಂದಿನ ಶಬ್ದವನ್ನು ಹೇಳತಕ್ಕದ್ದು. ಅಜ್ಜಿಯಂದಿರೂ ಈ ಆಟಕ್ಕೆ ಒದಗುವರು.

ಮೂರನೆಯದಕ್ಕೆ ನಮ್ಮ ಹಬ್ಬವೇ ನೆರವಾಗಿದೆ. ಶಾಲೆಯು ಜೂನದಲ್ಲಿ ತೆರೆದ ಬಳಿಕ ಬಲುಬೇಗನೆ ಮಣ್ಣೆತ್ತಿನ ಅಮಾವಾಸ್ಯೆಯು ಬರುತ್ತದೆ. ಮನೆಮನೆಗೂ ಎರೆಮಣ್ಣು ಬಂದು ಎತ್ತುಗಳಾಗುತ್ತವೆ. ಎತ್ತಿಗಾಗಿ ಕಲಸಿದ ಮಣ್ಣಿನಲ್ಲಿ ಒಂದು ಮುಷ್ಟಿಯನ್ನು ಮಗುವಿಗೆ ಕೊಟ್ಟು, ಅದನ್ನು ಹಗ್ಗದಂತೆ ಹೊಸೆಯಿಸಿ, ಪಾಟಿಯ ಮೇಲೆ ನೀವು ಬರೆದ ‘ರ’ದ ಗೆರೆಯಗುಂಟ ಇಡಿಸಿರಿ. ಎಲ್ಲಿ ಮೊದಲು, ಎಲ್ಲಿ ತಿರುವು, ಎಲ್ಲಿ ಕೊನೆ ಎಂಬದನ್ನು ಕೈಯು ಕಲಿಯುತ್ತದೆ. ದ–ಧ, ಬ–ಭ, ಮ–ಯ, ಪ–ವ ಮುಂತಾದ ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ದಿನ ಮಾಡಿಸಬಾರದು. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಯಾವ ಅಕ್ಷರವನ್ನು ಮೊದಲು ಕಲಿಸಬೇಕೆಂಬ ಪ್ರಶ್ನೆಯು ಇಲ್ಲಿ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ೪೯ ಅಕ್ಷರಗಳು. ೩೪ ವ್ಯಂಜನಗಳಿಗೆ ಒಂದೊಂದಕ್ಕೂ ಕಾಗುಣಿತ. ಕನ್ನಡದ ಮಗುವಿನ ಭಾಗ್ಯವೇನೆಂದರೆ ಅಕ್ಷರದ ಹೆಸರೇ ಅದರ ಧ್ವನಿ; ಇಂಗ್ಲಿಷಿನ ‘ಡಬ್ಲ್ಯೂ’ ಎಂಬ ಹೆಸರಿನಲ್ಲಿ ಆ ಅಕ್ಷರದ ಧ್ವನಿಯೇ ಕೇಳಿಸುವದಿಲ್ಲ. ಕನ್ನಡದ ಮಗುವಿನ ಕಷ್ಟವೆಂದರೆ ಗುರುತುಗಳು ಬಹಳ. ಎಲ್ಲವನ್ನೂ ಕಲಿತ ಮೇಲೆಯೇ ಓದು ಎಂದರೆ ಉತ್ಸಾಹವು ಬಾಡಿಹೋಗುವದು. ಇದಕ್ಕೆ ನಲಿ–ಕಲಿ ಪದ್ಧತಿಯು ಒಳ್ಳೆಯ ದಾರಿಯನ್ನು ತೋರಿಸಿತು. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು, ಆಂಧ್ರದ ಮದನಪಲ್ಲಿಯ ಬಳಿಯ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು ಇದನ್ನು ಆರಂಭಿಸಿದರು. ೨೦೦೯–೧೦ರಲ್ಲಿ ಇದು ರಾಜ್ಯದ ಸರಕಾರೀ ಕನ್ನಡ ಶಾಲೆಗಳಿಗೆ ವಿಸ್ತಾರಗೊಂಡಿತು. ಇದರಲ್ಲಿ ಮೊದಲು ಬರುವವು ರ, ಗ, ಸ, ದ, ಅ. ಈ ಐದರಿಂದಲೇ ಸರ, ದರ, ಅರಸ, ಅಗಸ, ಗರಗಸ ಎಂಬ ಶಬ್ದಗಳಾಗುತ್ತವೆ. ಮುಂದೆ ಜ, ವ, ಮ, ಬ, ನಗಳು ಸೇರಿದರೆ ಮರ, ಜನ, ವನ, ಬಸವ. ‘ಅರಸನ ಗಜ’ ಎಂಬ ಮಾತೂ ಆಯಿತು. ಹತ್ತು ಅಕ್ಷರಗಳಲ್ಲಿ ಮಗುವು ಓದುಗನಾಯಿತು! ಹಳೆಯ ಲಗ್ನಪತ್ರಿಕೆಗಳ ಹಿಂಬದಿಯನ್ನು ಚೌಕವಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರವನ್ನು ದಪ್ಪಗೆ ಬರೆದರೆ ಮನೆಯಲ್ಲಿಯೇ ಈ ಆಟದ ಎಲೆಗಳು ಸಿದ್ಧವಾಗುವವು. ‘ಗ’ವನ್ನೂ ‘ಸ’ವನ್ನೂ ಎರಡೆರಡು ಸಲ ಬರೆದಿಡಿರಿ, ಸರಸ, ಗರಗಸಗಳಂಥ ಶಬ್ದಗಳಿಗೆ ಬೇಕಾಗುವವು.

ಇನ್ನು ಲೆಕ್ಕ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರಿಗೆ ಕವಡೆಯ ಪರಿಚಯವನ್ನು ಹೇಳಬೇಕಾಗಿಲ್ಲ. ಹತ್ತು ಕವಡೆಗಳನ್ನು ಮಗುವಿನ ಬೊಗಸೆಗೆ ಕೊಟ್ಟು ನೆಲಕ್ಕೆ ಚೆಲ್ಲಿಸಿರಿ. ಬಾಯಿ ಮೇಲಾದವು ಎಷ್ಟು, ಬೆನ್ನು ಮೇಲಾದವು ಎಷ್ಟು? ಆರು, ನಾಲ್ಕು. ಮತ್ತೆ ಚೆಲ್ಲಲಿ: ಏಳು, ಮೂರು. ಪಾಟಿಯ ಮೇಲೆ ಬರೆಯಿಸುತ್ತ ಹೋಗಿರಿ. ಎಷ್ಟು ಸಲ ಚೆಲ್ಲಿದರೂ ಕೂಡಿದರೆ ಹತ್ತೇ ಎಂಬದು ಮಗುವಿಗೆ ಹೊಳೆದ ದಿನ ಅದರ ಮುಖವನ್ನು ನೋಡಬೇಕು! ಬಳಿಕ ಕೆಲವು ಕವಡೆಗಳನ್ನು ಸೆರಗಿನಡಿ ಮುಚ್ಚಿ, “ಹೊರಗೆ ಎಂಟು ಇವೆ, ಒಳಗೆಷ್ಟು?” ಎಂದು ಕೇಳಿರಿ. ಕಳೆಯುವ ಲೆಕ್ಕವು ಹೆದರಿಕೆಯಿಲ್ಲದೆ ಬಂದುಬಿಡುವದು. ಕವಡೆ ಇಲ್ಲದವರು ಹುಣಸೆಯ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲನ್ನು ಬಿಳಿದು ಮಾಡಿಕೊಳ್ಳಬಹುದು. ಮನೆಯಲ್ಲಿ ಕೂಸುಗಳಿದ್ದರೆ ಬೀಜಗಳನ್ನು ಬಾಯಿಗೆ ಹಾಕಿಕೊಳ್ಳದಂತೆ ಎಚ್ಚರವಾಗಿರಬೇಕು. ಆಟ ಮುಗಿದೊಡನೆ ಎಣಿಸಿ ಡಬ್ಬಿಗೆ ತುಂಬಿಸಿರಿ. ಆ ಎಣಿಕೆಯೂ ಪಾಠವೇ.

ಹತ್ತು ಗಟ್ಟಿಯಾದ ಮೇಲೆ ಸಿವುಡು ಕಟ್ಟುವ ಆಟ. ಕಸಬರಿಗೆಯ ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದು, ಹತ್ತು ಕಡ್ಡಿಯಾದೊಡನೆ ನೂಲಿನಿಂದ ಒಂದು ಸಿವುಡು ಕಟ್ಟಬೇಕು. ಸುಗ್ಗಿಯಲ್ಲಿ ಜೋಳದ ಸಿವುಡುಗಳನ್ನು ಕಂಡ ಮಗುವಿಗೆ ಇದನ್ನು ವಿವರಿಸುವ ಕಾರಣವೇ ಇಲ್ಲ. ಎರಡು ಸಿವುಡು, ಬಿಡಿ ಕಡ್ಡಿ ಒಂದು: ಇಪ್ಪತ್ತೊಂದು. ಇಲ್ಲಿ ಕನ್ನಡವು ಮಗುವಿಗೆ ಮಾಡಿದ ಉಪಕಾರವನ್ನು ನೆನೆಯಬೇಕು. ಇಂಗ್ಲಿಷಿನ ‘ಇಲೆವನ್’ ಎಂಬ ಮಾತಿನಲ್ಲಿ ಹತ್ತೂ ಒಂದೂ ಮಗುವಿಗೆ ಕಾಣವು. ‘ಹನ್ನೊಂದು’ ಎಂಬಲ್ಲಿ ಎರಡೂ ಇವೆ. ನಮ್ಮ ನೆರೆಯ ಮರಾಠಿಯಲ್ಲಿ ಇಪ್ಪತ್ತೊಂದಕ್ಕೆ ‘ಏಕವೀಸ್’ ಎಂದು ಬಿಡಿಯನ್ನು ಮೊದಲು ಹೇಳಿ ಹತ್ತುಗಳನ್ನು ಹಿಂದೆ ಹೇಳುವರು, ಬರೆಯುವಾಗ ಹತ್ತುಗಳನ್ನೇ ಮೊದಲು ಬರೆಯುವರು. ಕನ್ನಡದಲ್ಲಿ ನುಡಿಯುವ ಕ್ರಮವೂ ಬರೆಯುವ ಕ್ರಮವೂ ಒಂದೇ. ಇಪ್ಪತ್ತು ಎಂದರೆ ಎರಡು ಹತ್ತು, ಮೂವತ್ತು ಎಂದರೆ ಮೂರು ಹತ್ತು. ಸಿವುಡುಗಳನ್ನು ಮುಟ್ಟುತ್ತ ಈ ಹೆಸರುಗಳನ್ನು ಹೇಳಿದ ಮಗುವು ೧೨ನ್ನೂ ೨೧ನ್ನೂ ಎಂದಿಗೂ ಅದಲುಬದಲು ಮಾಡಲಾರದು. ಹತ್ತು ಸಿವುಡುಗಳನ್ನು ಒಟ್ಟುಗೂಡಿಸಿ ಹೊರೆ ಕಟ್ಟಿದ ದಿನ ನೂರು ಎಂಬದು ಹಾಡಿನ ಕೊನೆಯ ಶಬ್ದವಾಗಿ ಉಳಿಯದೆ, ಎರಡು ಕೈಯಿಂದ ಎತ್ತುವ ವಸ್ತುವಾಗುವದು.

ಇವೆಲ್ಲವೂ ಶಾಲೆಯ ಕೆಲಸವಲ್ಲವೇ, ನಮಗೇಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವನ್ನು ನಮ್ಮ ಮಲಪ್ರಭೆಯೇ ಕೊಟ್ಟಿದ್ದಾಳೆ. ೨೦೧೯ರ ಅಗಸ್ಟದಲ್ಲಿ ಅವಳು ಉಕ್ಕಿಹರಿದಾಗ ರಾಮದುರ್ಗ, ಸವದತ್ತಿ ತಾಲೂಕುಗಳ ತೀರದ ಊರುಗಳಿಗೆ ನೀರು ನುಗ್ಗಿತು. ಎಷ್ಟೋ ಮನೆಗಳು ಬಿದ್ದವು. ಆ ಸಂಸಾರಗಳು ಚೇತರಿಸಿಕೊಳ್ಳುವ ಮೊದಲೇ, ೨೦೨೦ರ ಮಾರ್ಚದಲ್ಲಿ ಕೊರೋನಾ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅವು ಮತ್ತೆ ತೆರೆದದ್ದು ೨೦೨೧ರ ಅಕ್ಟೋಬರ ೨೫ರಂದು. ಹತ್ತೊಂಬತ್ತು ತಿಂಗಳು! ಒಂದನೆಯ ಇಯತ್ತೆಯ ಬಾಗಿಲನ್ನೇ ಸರಿಯಾಗಿ ಕಾಣದೆ ಎರಡನೆಯದಕ್ಕೂ ಮೂರನೆಯದಕ್ಕೂ ಏರಿದ ಮಕ್ಕಳು ಎಷ್ಟಿಲ್ಲ? ಮೂರನೆಯ ತರಗತಿಯು ಮುಗಿಯುವಷ್ಟರಲ್ಲಿ ಪ್ರತಿಯೊಂದು ಮಗುವೂ ತಿಳಿದು ಓದಬೇಕು, ಸಾದಾ ಲೆಕ್ಕ ಮಾಡಬೇಕೆಂಬ ಗುರಿಯನ್ನಿಟ್ಟು ಕೇಂದ್ರ ಸರಕಾರವು ‘ನಿಪುಣ ಭಾರತ’ವನ್ನು ಆರಂಭಿಸಿದ್ದೂ ಆ ವರುಷದ ಜುಲೈಯಲ್ಲಿಯೇ. ಕೂಲಿಗಾಗಿ ಗೋವೆಗೋ ಮಹಾರಾಷ್ಟ್ರಕ್ಕೋ ಹೋಗುವ ಮನೆಗಳ ಮಕ್ಕಳಿಗಂತೂ ಇಂಥ ಬಿಡುವು ವರುಷವರುಷವೂ ಬರುವಂಥದು. ನಲಿ–ಕಲಿಯಲ್ಲಿ ಏಣಿಯ ಮೆಟ್ಟಿಲಿನಂತೆ ಪಾಠಗಳಿರುವದರಿಂದ, ಮರಳಿ ಬಂದ ಮಗುವು ತಾನು ಬಿಟ್ಟ ಮೆಟ್ಟಿಲಿನಿಂದಲೇ ಏರಬಹುದು. ಆದರೆ ಹೋದಲ್ಲಿ ಹುಣಸೆಯ ಬೀಜವೂ ಕಡ್ಡಿಯೂ ಇದ್ದರೆ, ಸಂಜೆ ಅರ್ಧ ತಾಸು ಜೊತೆಗೆ ಕೂಡ್ರುವ ಒಬ್ಬ ದೊಡ್ಡವರೂ ಇದ್ದರೆ, ಮೆಟ್ಟಿಲನ್ನು ಬಿಡುವ ಪ್ರಸಂಗವೇ ಬರಲಾರದು. ಆ ದೊಡ್ಡವರು ಓದುಬರಹ ಬಲ್ಲವರೇ ಆಗಿರಬೇಕೆಂದಿಲ್ಲ. ಚಪ್ಪಾಳೆಗೂ ಕವಡೆಗೂ ಅಕ್ಷರವು ಬೇಕಿಲ್ಲ.

ಕೊನೆಗೆ ಎರಡು ಮಾತು. ಆಟವನ್ನು ಪರೀಕ್ಷೆಯಾಗಿ ಮಾಡಬೇಡಿರಿ. ಮಗುವು ಇನ್ನೂ ಬೇಕೆನ್ನುವಾಗಲೇ ನಿಲ್ಲಿಸಿರಿ. ತಪ್ಪಿದಾಗ ನಗಬೇಡಿರಿ, “ಎಣಿಸಿ ನೋಡೋಣ” ಎಂಬುದೊಂದೇ ಮಾತು ಸಾಕು. ಆಗ ತಪ್ಪನ್ನು ಹೇಳುವವು ಬೀಜಗಳು, ನೀವಲ್ಲ.

ದೀಪಾವಳಿಯಲ್ಲಿ ಮತ್ತೆ ಆ ಸವದತ್ತಿಯ ಹಳ್ಳಿಗೆ ಹೋಗಿದ್ದೆನು. ಅಜ್ಜನವರೂ ಮೊಮ್ಮಗಳೂ ಕಟ್ಟೆಯ ಮೇಲೆ ಕವಡೆ ಚೆಲ್ಲಿ ಕುಳಿತಿದ್ದರು. ಆ ದಿನದ ನಗೆಗೆ ಅವರು ಪಶ್ಚಾತ್ತಾಪಪಟ್ಟಿರಬೇಕು. ಅಡಿಗೆಯ ಮನೆಯಿಂದ ಅದೇ ಕೂಗು ಬಂದಿತು. ಹುಡುಗಿಯು ಎದ್ದುಹೋಗಿ, ಒಂದೊಂದಾಗಿ ಮುಟ್ಟಿ, ಏಳು ಉಳ್ಳಾಗಡ್ಡಿಗಳನ್ನು ಉಡಿಗೆ ಹಾಕಿಕೊಂಡು ತಂದಳು. ತಾಯಿಯ ಮುಂದೆ ಸುರಿದು, ಯಾರೂ ಕೇಳದಿದ್ದರೂ ಹೇಳಿದಳು: “ಯವ್ವಾ, ಇನ್ನ ಮೂರ ತಂದರ ಹತ್ತ ಆಗತಾವು.”