ಮಾವನವರ ತುರಿಕೆಗೆ ಬದನೆಕಾಯಿ ಕಾರಣವಲ್ಲ

ರಾತ್ರಿ ಎರಡು ಗಂಟೆಗೆ ಪಕ್ಕದ ಕೋಣೆಯಿಂದ ಕರಕರ ಸದ್ದು. ಮೊದಲ ದಿನ ಇಲಿ ಅಂದುಕೊಂಡೆ. ಹೋಗಿ ನೋಡಿದ್ರೆ ಮಾವನವರು ಮಂಚದ ಮೇಲೆ ಕೂತು ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ತಿದ್ದರು. ಬನಿಯನ್ ಮೇಲೆ ರಕ್ತದ ಚುಕ್ಕೆ. "ಏನಿಲ್ಲಮ್ಮ, ನೀ ಹೋಗಿ ಮಲಗು" ಅಂದರು.

ಅವರಿಗೆ ವಾರಕ್ಕೆ 3 ದಿನ, ಸಲಕ್ಕೆ 4 ಗಂಟೆ ಡಯಾಲಿಸಿಸ್. ಆ ದಪ್ಪ ಸೂಜಿಗೂ ಹೆದರದ ಮನುಷ್ಯ ತುರಿಕೆಗೆ ಸೋತುಹೋಗಿದ್ದರು. ನಾವೋ, ನಂಜು ಅಂತ ತೀರ್ಮಾನಿಸಿ ಮನೆಗೆ ಬದನೆಕಾಯಿ ತರೋದನ್ನೇ ಬಿಟ್ಟೆವು. ಸೋಪು ಬದಲಾಯ್ತು, ಬೇವಿನೆಲೆ ಸ್ನಾನ ಆಯ್ತು. ಅಂಗಡಿಯಿಂದ ತಂದ ಅಲರ್ಜಿ ಮಾತ್ರೆಗೆ ಮಂಪರು ಬಂತೇ ಹೊರತು ತುರಿಕೆ ಹೋಗಲಿಲ್ಲ.

ಡಯಾಲಿಸಿಸ್ ಡಾಕ್ಟರಿಗೆ ಮಾತ್ರ ಅವರು ಹೇಳಿಯೇ ಇರಲಿಲ್ಲ. "ಚರ್ಮದ ವಿಷಯ ಕಿಡ್ನಿ ಡಾಕ್ಟರಿಗೆ ಯಾಕೆ?" ಅನ್ನೋದು ಅವರ ವಾದ. ಕೊನೆಗೆ ನಾನೇ ಹೇಳಿದೆ. ಡಾಕ್ಟರು ಬೆನ್ನು ನೋಡಿ, ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯಾ ಎಂದು ಕೇಳಿದರು. ಇದ್ದಿದ್ದರೆ ಕಜ್ಜಿಯ ಅನುಮಾನ. ನಮಗ್ಯಾರಿಗೂ ಇರಲಿಲ್ಲ. ಇದು ಕಿಡ್ನಿ ಕಾಯಿಲೆಯದೇ ತುರಿಕೆ ಎಂದರು. ಒಣಗಿದ ಚರ್ಮ, ರಕ್ತದಲ್ಲಿ ಉಳಿಯುವ ಕಲ್ಮಶ, ಜಾಸ್ತಿಯಾದ ಫಾಸ್ಫರಸ್, ನರಗಳ ಏರುಪೇರು, ಹೀಗೆ ಕಾರಣ ಹಲವು.

ರಕ್ತಪರೀಕ್ಷೆಯಲ್ಲಿ ಫಾಸ್ಫರಸ್ ಹೆಚ್ಚೇ ಬಂತು. "ಅದರ ಮಾತ್ರೆ ಯಾವಾಗ ಕೊಡ್ತೀರಿ?" ಅಂದಾಗ ನನ್ನ ಎದೆ ಧಸಕ್ಕೆಂದಿತು. ಮಾತ್ರೆ ಕೊಡುವವಳು ನಾನೇ. ಎಲ್ಲ ಒಟ್ಟಿಗೆ ಮುಗೀಲಿ ಅಂತ ಮಲಗುವಾಗ ಕೊಡ್ತಿದ್ದೆ. ಅದು ಊಟದ ಜೊತೆಗೇ ಹೊಟ್ಟೆಗೆ ಹೋಗಬೇಕಂತೆ. ಊಟದಲ್ಲಿರುವ ಫಾಸ್ಫರಸ್ಸನ್ನು ರಕ್ತಕ್ಕೆ ಸೇರದ ಹಾಗೆ ಹಿಡಿಯೋದೇ ಅದರ ಕೆಲಸ. ಖಾಲಿ ಹೊಟ್ಟೆಯಲ್ಲಿ ಹಿಡಿಯೋದೇನನ್ನು?

ಈಗ ಆ ಮಾತ್ರೆ ತಟ್ಟೆ ಪಕ್ಕದಲ್ಲೇ ಇರುತ್ತೆ. ಕೋಲಾ, ಪ್ಯಾಕೆಟ್ ತಿಂಡಿ ಬಂದ್. ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಮೈ ಪೂರ್ತಿ ಆರುವ ಮೊದಲೇ ವಾಸನೆಯಿಲ್ಲದ ಕ್ರೀಮು. ಜೊತೆಗೆ ಗ್ಯಾಬಪೆಂಟಿನ್ ಅನ್ನೋ ನರದ ಮಾತ್ರೆ, ಡಯಾಲಿಸಿಸ್ ಮುಗಿದ ಮೇಲೆ, ತೀರಾ ಕಡಿಮೆ ಪ್ರಮಾಣದಲ್ಲಿ. ಕಿಡ್ನಿ ಸೋತವರ ಮೈಯಲ್ಲಿ ಅದು ಉಳಿದುಕೊಂಡು ಮಂಪರು, ತಲೆಸುತ್ತು ತರುತ್ತೆ. ದಯವಿಟ್ಟು ಪಕ್ಕದ ಮನೆಯವರ ಚೀಟಿ ನೋಡಿ ಕೊಳ್ಳಬೇಡಿ.

ತುರಿಕೆ ಪೂರ್ತಿ ಹೋಗಿಲ್ಲ. ಆದರೆ ಬೆನ್ನಿನ ಗಾಯ ಒಣಗಿದೆ, ನಿದ್ದೆ ಬರ್ತಿದೆ. ಡಾಕ್ಟರನ್ನು ಕೇಳಿಯೇ ಬದನೆಕಾಯಿಯನ್ನೂ ಮನೆಗೆ ತಂದೆ. ಮೊನ್ನೆ ಡಯಾಲಿಸಿಸ್ಸಿನಲ್ಲಿ ಪಕ್ಕದ ಹಾಸಿಗೆಯವರು ಮಂಚದ ಕಂಬಿಗೆ ಬೆನ್ನು ಉಜ್ಜುತ್ತಿದ್ದರಂತೆ. ಮಾವನವರೇ ಸಿಸ್ಟರನ್ನು ಕರೆದು, "ಇವರದ್ದೂ ಡಾಕ್ಟರಿಗೆ ಹೇಳಮ್ಮ" ಅಂದರಂತೆ.