ವಿಹಾರನಗರಿಯ ಒಂಟಿಹಳಿ ರೈಲು

ನೆಲದ ಮೇಲೆ ಎರಡು ಹಳಿಗಳನ್ನು ಸಮಾನಾಂತರವಾಗಿ ಹಾಸಿ ಅವುಗಳ ಮೇಲೆ ಓಡುವ ರೈಲು ನಮಗೆಲ್ಲರಿಗೂ ಪರಿಚಿತವಾದುದು. ಕಂಬಗಳ ಮೇಲೆ ಒಂದೇ ತೊಲೆಯನ್ನಿರಿಸಿ, ಅದನ್ನೇ ಹಳಿಯಾಗಿ ಮಾಡಿಕೊಂಡು ಓಡುವ ರೈಲಿಗೆ ಮಾನೊರೈಲು, ಎಂದರೆ ಒಂಟಿಹಳಿ ರೈಲು, ಎಂದು ಹೆಸರು. 20ನೆಯ ಶತಮಾನದ ನಡುಭಾಗದಲ್ಲಿ ಇದೇ ಮುಂದಿನ ನಗರಗಳ ವಾಹನವೆಂದು ಅನೇಕರು ನಂಬಿದ್ದರು. ಜಪಾನಿನ ಕೆಲವು ಊರುಗಳನ್ನೂ ಚೀನದ ಚೊಂಗ್‌ಚಿಂಗ್ ನಗರವನ್ನೂ ಬಿಟ್ಟರೆ ಆ ನಂಬಿಕೆ ಹೆಚ್ಚಾಗಿ ಕೈಗೂಡಲಿಲ್ಲ. ಆದರೆ ಆಟದ ಉದ್ಯಾನ, ಹೋಟೆಲು, ಸರೋವರ ಎಲ್ಲವೂ ಒಂದೇ ಯಜಮಾನಿಕೆಯ ಕೆಳಗಿರುವ ವಿಹಾರನಗರಿಗಳಲ್ಲಿ ಅದು ಚೆನ್ನಾಗಿ ನೆಲೆಯೂರಿತು. ಹೀಗೇಕಾಯಿತು? ಉತ್ತರವನ್ನು ಬಂಡಿಯ ಯಂತ್ರದಲ್ಲಿ ಹುಡುಕುವುದಕ್ಕಿಂತ ನೆಲದ ನಕ್ಷೆಯಲ್ಲಿ ಹುಡುಕುವುದು ಲೇಸೆಂದು ನನಗೆ ತೋರುತ್ತದೆ.

ಮೊದಲು ಯಂತ್ರದ ಮಾತನ್ನು ಮುಗಿಸಿಬಿಡೋಣ. ಹಳಿ ಒಂದೇ ಆದರೆ ಬಂಡಿ ಮಗುಚಿಕೊಳ್ಳುವುದಿಲ್ಲವೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸವಾರನು ಕುದುರೆಯ ಬೆನ್ನಿನ ಮೇಲೆ ಎರಡು ಕಡೆಗೂ ಕಾಲು ಇಳಿಬಿಟ್ಟು ಕುಳಿತುಕೊಳ್ಳುವಂತೆ ಈ ಬಂಡಿ ಕಾಂಕ್ರೀಟಿನ ತೊಲೆಯ ಮೇಲೆ ಕುಳಿತಿರುತ್ತದೆ. ರಬ್ಬರಿನ ದೊಡ್ಡ ಟಯರುಗಳು ತೊಲೆಯ ನೆತ್ತಿಯ ಮೇಲೆ ಉರುಳುತ್ತ ಭಾರವನ್ನು ಹೊರುತ್ತವೆ; ಚಿಕ್ಕ ಟಯರುಗಳು ಅಡ್ಡಡ್ಡಲಾಗಿ ನಿಂತು ತೊಲೆಯ ಎರಡು ಪಕ್ಕಗಳನ್ನೂ ಒತ್ತಿ ಹಿಡಿಯುತ್ತವೆ. ಆದುದರಿಂದ ಬಂಡಿ ಅತ್ತ ಇತ್ತ ವಾಲದು. ತೊಲೆಯ ಪಕ್ಕದಲ್ಲಿಯೇ ಅಳವಡಿಸಿದ ಲೋಹದ ಪಟ್ಟಿಯಿಂದ ವಿದ್ಯುತ್ತು ದೊರೆಯುತ್ತದೆ. ಹೊಗೆಯಿಲ್ಲ, ಸದ್ದು ಕಡಮೆ. ಸ್ವೀಡನ್ನಿನ ಉದ್ಯಮಿ ಆಕ್ಸೆಲ್ ಲೆನಾರ್ಟ್ ವೆನ್ನರ್‌-ಗ್ರೆನ್ ಎಂಬಾತನ ಸಂಸ್ಥೆ ಇದನ್ನು ಜರ್ಮನಿಯ ಕಲೋನ್ ನಗರದ ಬಳಿ 1952ರಿಂದ ಪರೀಕ್ಷಿಸುತ್ತಿದ್ದಿತು. ಅವನ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದುದರಿಂದಲೇ ಈ ಪದ್ಧತಿಗೆ ಆಲ್ವೆಗ್ ಎಂಬ ಹೆಸರು ಬಂದಿತು.

ಚಲನಚಿತ್ರಗಳಿಂದ ಖ್ಯಾತನಾದ ವಾಲ್ಟ್ ಡಿಸ್ನಿ ಆ ಪರೀಕ್ಷಾಮಾರ್ಗವನ್ನು ಕಣ್ಣಾರೆ ಕಂಡು ಮನಸೋತನು. ಕ್ಯಾಲಿಫೋರ್ನಿಯದ ಅನಹೈಮ್ ಊರಿನಲ್ಲಿ 1955ರಲ್ಲಿ ತೆರೆದಿದ್ದ ಅವನ ಡಿಸ್ನಿಲ್ಯಾಂಡ್ ಉದ್ಯಾನದಲ್ಲಿ 1959ರ ಜೂನ್ 14ರಂದು ಒಂಟಿಹಳಿ ರೈಲು ಓಡತೊಡಗಿತು. ಅಮೆರಿಕದ ಅಂದಿನ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ಸಂಸಾರಸಮೇತ ಬಂದು ಅದರಲ್ಲಿ ಕುಳಿತಿದ್ದರು. ಆದರೆ ಅಂದಿಗೆ ಅದು ಹತ್ತಿದಲ್ಲಿಯೇ ಇಳಿಯುವ ರೈಲು. ಒಂದು ಸುತ್ತು ಹಾಕಿ ಬರುವ ಆಟಿಕೆ. 1961ರಲ್ಲಿ ಹಳಿಯನ್ನು ಉದ್ಯಾನದ ಎಲ್ಲೆಯನ್ನು ದಾಟಿಸಿ ಪಕ್ಕದ ಹೋಟೆಲಿನವರೆಗೆ ಒಯ್ದಾಗ ಅದು ನಿಜವಾದ ವಾಹನವಾಯಿತು.

ಅಲ್ಲಿ ಡಿಸ್ನಿಯನ್ನು ಕಾಡಿದ ಚಿಂತೆಯೆಂದರೆ ಜಾಗದ ಕೊರತೆ. ಉದ್ಯಾನಕ್ಕೆ ಹೆಸರು ಬಂದಂತೆಲ್ಲ ಸುತ್ತಲಿನ ನೆಲವನ್ನು ಇತರರು ಕೊಂಡು ವಸತಿಗೃಹಗಳನ್ನೂ ಅಂಗಡಿಗಳನ್ನೂ ಒತ್ತೊತ್ತಾಗಿ ಕಟ್ಟಿಬಿಟ್ಟರು. ಈ ಅನುಭವದಿಂದ ಪಾಠ ಕಲಿತ ಆತ ಫ್ಲಾರಿಡದಲ್ಲಿ, ತನ್ನ ಹೆಸರು ಹೊರಬೀಳದಂತೆ ಬೇರೆ ಬೇರೆ ಕಂಪನಿಗಳ ಮೂಲಕ, ಸುಮಾರು 27,000 ಎಕರೆ ಜೌಗುನೆಲವನ್ನು ಕೊಳ್ಳಿಸಿದನು. 1965ರ ನವೆಂಬರಿನಲ್ಲಿ ಗುಟ್ಟು ಬಹಿರಂಗವಾಯಿತು. ಅಲ್ಲಿ ಕೇವಲ ಉದ್ಯಾನವನ್ನಲ್ಲ, ಜನರು ವಾಸಿಸಿ ದುಡಿಯುವ ಎಪ್ಕಾಟ್ ಎಂಬ ನಗರವನ್ನೇ ಕಟ್ಟಬೇಕೆಂಬುದು ಅವನ ಹಂಬಲ. ದಕ್ಷಿಣದ ವಿಮಾನ ನಿಲ್ದಾಣದಿಂದ ಕೈಗಾರಿಕಾ ಪ್ರದೇಶಕ್ಕೆ, ಅಲ್ಲಿಂದ ನಗರದ ನಡುವಿಗೆ, ಕೊನೆಗೆ ಉತ್ತರದ ಉದ್ಯಾನಕ್ಕೆ ಒಂಟಿಹಳಿಯೇ ಬೆನ್ನೆಲುಬಾಗಬೇಕಾಗಿದ್ದಿತು. 1966ರ ಡಿಸೆಂಬರ್ 15ರಂದು ಆತ ತೀರಿಕೊಂಡನು. ನಗರ ಕಾಗದದ ಮೇಲೆಯೇ ಉಳಿಯಿತು.

ಆದರೂ 1971ರ ಅಕ್ಟೋಬರ್ 1ರಂದು ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್‌ನ ನಕ್ಷೆಯನ್ನು ನೋಡಿದರೆ ಆ ಯೋಚನೆಯ ಜಾಣ್ಮೆ ಎದ್ದು ಕಾಣುತ್ತದೆ. ಮ್ಯಾಜಿಕ್ ಕಿಂಗ್‌ಡಮ್ ಎಂಬ ಉದ್ಯಾನವನ್ನು ಹೆದ್ದಾರಿಗೆ ದೂರವಾಗಿ ಉತ್ತರದ ತುದಿಯಲ್ಲಿ ಇರಿಸಿದ್ದಾರೆ. ಅದರ ಮುಂದೆ ಕೈಯಾರೆ ತೋಡಿದ ದೊಡ್ಡ ಸರೋವರ. ತೋಡಿದ ಮಣ್ಣು ವ್ಯರ್ಥವಾಗಲಿಲ್ಲ. ಉದ್ಯಾನದ ನೆಲವನ್ನು ಎತ್ತರಿಸಲು ಅದನ್ನೇ ಬಳಸಿದರು. ಕಾರುಗಳೆಲ್ಲ ಸರೋವರದ ಈಚೆ ದಡದಲ್ಲಿ, ಬಾಗಿಲಿಗೆ ಸುಮಾರು ಒಂದು ಮೈಲಿ ದೂರದಲ್ಲಿಯೇ ನಿಲ್ಲಬೇಕು. ಅಲ್ಲಿಂದ ಮುಂದಕ್ಕೆ ನೀರಿನ ಮೇಲೆ ದೋಣಿ, ಇಲ್ಲವೇ ದಡದ ಸುತ್ತ ಒಂಟಿಹಳಿ. ಬಾಗಿಲಿನ ಎದುರಿಗೇ ಕಾರು ನಿಲ್ಲಿಸಲು ಜಾಗ ಕೊಡುವುದು ಕಷ್ಟವೇನಿರಲಿಲ್ಲ. ಆದರೆ ಬಂದವರು ತಮ್ಮ ಕಾರನ್ನೂ ಊರಿನ ಗದ್ದಲವನ್ನೂ ಹಿಂದೆ ಬಿಟ್ಟು, ನೀರಿನಾಚೆಯ ಕೋಟೆಯನ್ನು ದೂರದಿಂದ ನೋಡುತ್ತ ಬರಲಿ ಎಂಬುದು ಇದರ ಉದ್ದೇಶ. ನಮ್ಮ ದೇವಾಲಯಗಳಲ್ಲಿ ಪ್ರಾಕಾರಗಳನ್ನು ದಾಟಿಯೇ ಗರ್ಭಗುಡಿಯನ್ನು ಕಾಣುವ ಹಾಗೆ! ಸಂಜೆ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಮರಳುವ ತಾಯಿತಂದೆಗಳಿಗೆ ಈ ಒಂದು ಮೈಲಿಯ ಸೊಗಸು ಎಷ್ಟು ರುಚಿಸುತ್ತದೆಯೋ, ಆ ಮಾತು ಬೇರೆ.

ಸರೋವರದ ಸುತ್ತ ಒಂದರ ಪಕ್ಕದಲ್ಲೊಂದು ಎರಡು ತೊಲೆಗಳಿವೆ. ಹೊರಗಿನದು ಕಾರು ನಿಲ್ಲಿಸಿ ಬಂದವರನ್ನು ನೇರವಾಗಿ ಉದ್ಯಾನಕ್ಕೆ ಒಯ್ಯುತ್ತದೆ. ಒಳಗಿನದು ವಿರುದ್ಧ ದಿಕ್ಕಿನಲ್ಲಿ ಸುತ್ತುತ್ತ ಹೋಟೆಲು ಹೋಟೆಲಿಗೂ ನಿಲ್ಲುತ್ತದೆ. ಕಂಟೆಂಪೊರರಿ ಎಂಬ ಹೋಟೆಲಿನಲ್ಲಂತೂ ರೈಲು ಕಟ್ಟಡದ ಹೊಟ್ಟೆಯೊಳಗೇ ಹಾದುಹೋಗುತ್ತದೆ. ಊಟ ಮಾಡುತ್ತಿರುವವರ ತಲೆಯ ಮೇಲೆ ಬಂಡಿ ಜಾರಿಹೋಗುವುದು ನೋಡುವಂತಹ ದೃಶ್ಯ. 1971ರಲ್ಲಿ ಖಾಲಿಯಾಗಿದ್ದ ಒಂದು ನಿವೇಶನದ ಪಕ್ಕದಲ್ಲಿಯೂ ಹಳಿ ಹಾದುಹೋಗಿದ್ದಿತು. ಅಲ್ಲಿ ಗ್ರಾಂಡ್ ಫ್ಲಾರಿಡಿಯನ್ ಹೋಟೆಲು ತೆರೆದದ್ದು 1988ರಲ್ಲಿ! ನಗರಗಳಲ್ಲಿ ಮನೆಗಳು ಮೊದಲು, ಹಳಿ ಆಮೇಲೆ; ಇಲ್ಲಿ ಹಳಿ ಮೊದಲು. ಬಳಿಯಲ್ಲಿ ಈ ರೈಲು ಇರುವ ಹೋಟೆಲುಗಳ ಕೋಣೆಗಳಿಗೆ ಬಾಡಿಗೆಯೂ ಹೆಚ್ಚು ಎಂಬುದನ್ನು ಮರೆಯಬಾರದು.

ಹಾಗಾದರೆ ಇದರ ದೋಷವೇನು? ಸಾಮಾನ್ಯ ರೈಲಿನಲ್ಲಿ ದಾರಿ ಬದಲಿಸಲು ತೆಳುವಾದ ಹಳಿಯ ತುದಿಯನ್ನು ಕೆಲವು ಅಂಗುಲ ಸರಿಸಿದರೆ ಸಾಕು. ಇಲ್ಲಿ ಬಂಡಿ ತೊಲೆಯನ್ನು ಎರಡು ಕಡೆಯಿಂದಲೂ ತಬ್ಬಿಕೊಂಡಿರುವುದರಿಂದ ತೊಲೆಯ ಉದ್ದವಾದ ತುಂಡೊಂದನ್ನೇ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸರಿಸಿ ಜೋಡಿಸಬೇಕು. ಇದು ದುಬಾರಿ, ನಿಧಾನದ ಕೆಲಸ. ಕವಲುಗಳೇ ಇಲ್ಲದ ವರ್ತುಲದಲ್ಲಿ ಇದರ ಗೊಡವೆಯಿಲ್ಲ. ದಾರಿಗಳು ನೂರಾರು ಕಡೆ ಕೂಡಿ ಅಗಲುವ ನಗರದಲ್ಲಿ ಇದೇ ದೊಡ್ಡ ತೊಡಕು.

ವಿಹಾರನಗರಿಯಲ್ಲಿಯೂ ರಾತ್ರಿ ಬಂಡಿಗಳನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ದಾಟಿಸಲೇಬೇಕು. 2009ರ ಜುಲೈ 5ರ ನಸುಕಿನಲ್ಲಿ ಹೀಗೆ ದಾಟಿಸಬೇಕಾಗಿದ್ದ ಬಂಡಿಯೊಂದು ಹಿಂದಕ್ಕೆ ಚಲಿಸಿತು. ಆದರೆ ಸರಿಸಬೇಕಾಗಿದ್ದ ತೊಲೆ ಸರಿದಿರಲಿಲ್ಲ. ಬಂಡಿ ತಾನು ಬಂದ ಸಾಲಿನಲ್ಲಿಯೇ ಹಿಂದೆ ಸರಿದು ನಿಲ್ದಾಣದಲ್ಲಿದ್ದ ಇನ್ನೊಂದಕ್ಕೆ ಅಪ್ಪಳಿಸಿತು; ಆ ಎರಡನೆಯ ಬಂಡಿಯ ತರುಣ ಚಾಲಕ ಮಡಿದನು. 1971ರಿಂದ ಅಲ್ಲಿ ಈ ರೈಲಿನ ಅಪಘಾತದಲ್ಲಿ ಸಂಭವಿಸಿದ ಮೊದಲ ಸಾವು ಅದು. ತೊಲೆಯನ್ನು ಸರಿಸಬೇಕಾದವನು ಸರಿಸಿರಲಿಲ್ಲ, ಸರಿದಿದೆಯೇ ಎಂದು ನೋಡಬೇಕಾದವನು ನೋಡಿರಲಿಲ್ಲ ಎಂದು ತನಿಖೆ ನಡೆಸಿದ ಸರ್ಕಾರಿ ಮಂಡಲಿ ಹೇಳಿತು. ಬಂಡಿಯನ್ನು ಹಿಂದಕ್ಕೆ ನಡೆಸುವ ಬಗೆಗೆ ಸರಿಯಾದ ನಿಯಮಗಳಿರಲಿಲ್ಲವೆಂದೂ ಅದು ಬೊಟ್ಟುಮಾಡಿತು. ಪ್ರಯಾಣಿಕರಿಗೆ ಆಟದಂತೆ ಕಾಣುವುದು ನಡೆಸುವವರಿಗೆ ರೈಲುಗಾಡಿಯೇ ಸರಿ.

1982ರಲ್ಲಿ ಎಪ್ಕಾಟ್ ಎಂಬ ಹೆಸರನ್ನು ನಗರಕ್ಕೆ ಬದಲಾಗಿ ಇನ್ನೊಂದು ಉದ್ಯಾನಕ್ಕೆ ಇಟ್ಟು, ಹಳಿಯನ್ನು ಅಲ್ಲಿಯವರೆಗೆ ಬೆಳೆಸಿದರು. ಒಟ್ಟು ಉದ್ದ 14.7 ಮೈಲಿಯಾಯಿತು. ಆಮೇಲೆ ಅದು ಬೆಳೆಯಲಿಲ್ಲ. 1989ರಲ್ಲಿಯೂ 1998ರಲ್ಲಿಯೂ ತೆರೆದ ಉದ್ಯಾನಗಳಿಗೆ ಬಸ್ಸುಗಳೇ ಗತಿಯಾದವು. 2019ರಲ್ಲಿ ಕೆಲವು ಕಡೆಗೆ ತಂತಿಯ ಮೇಲೆ ತೂಗಿ ಸಾಗುವ ತೊಟ್ಟಿಲುಗಳನ್ನು ಹಾಕಿದರು. ತನ್ನದೇ ನೆಲದಲ್ಲಿ, ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲದ ಕಡೆಯಲ್ಲಿಯೂ, ಉದ್ಯಾನಗಳು ದೂರ ದೂರ ಚದರಿದೊಡನೆ ಒಂಟಿಹಳಿಯ ಲೆಕ್ಕ ತಪ್ಪಿತು.

ಟೋಕಿಯೊ ಬಳಿಯ ಡಿಸ್ನಿ ವಿಹಾರನಗರಿಯವರು ಈ ಚದರಿಕೆಗೆ ಅವಕಾಶವನ್ನೇ ಕೊಡಲಿಲ್ಲ. 2001ರಲ್ಲಿ ತೆರೆದ ಅಲ್ಲಿಯ ಮಾರ್ಗ 5 ಕಿಲೊಮೀಟರಿನ ಒಂದೇ ವರ್ತುಲ, ನಾಲ್ಕೇ ನಿಲ್ದಾಣ. ಎರಡು ಉದ್ಯಾನಗಳು, ಹೋಟೆಲುಗಳು, ಮೈಹಾಮ ರೈಲು ನಿಲ್ದಾಣ ಎಲ್ಲವನ್ನೂ ಅದು ಸುತ್ತಿ ಬರುತ್ತದೆ. ಬಂಡಿಗಳು ಒಂದೇ ದಿಕ್ಕಿನಲ್ಲಿ, ಚಾಲಕನಿಲ್ಲದೆಯೇ ಓಡುತ್ತವೆ. ಅಮೆರಿಕದಂತೆ ಇಲ್ಲಿ ಪುಕ್ಕಟೆ ಪ್ರಯಾಣವಿಲ್ಲ. ಜಪಾನಿನ ಕಾನೂನು ಇದನ್ನು ಆಟವೆಂದು ಎಣಿಸದೆ ರೈಲುಮಾರ್ಗವೆಂದೇ ಎಣಿಸಿರುವುದರಿಂದ, ಉದ್ಯಾನದ ಟಿಕೇಟು ಕೈಯಲ್ಲಿದ್ದರೂ ರೈಲಿಗೆ ಬೇರೆ ಟಿಕೇಟು ಕೊಳ್ಳಬೇಕು.