ತಗಡಿನ ತೇಪೆ

ಕಬ್ಬಿಣಕ್ಕೆ ಹಿಡಿಯುವ ತುಕ್ಕನ್ನು ನಾವು ಮೈಗಂಟಿದ ಕೊಳೆಯೆಂಬಂತೆ ಭಾವಿಸುವುದುಂಟು. ಉಜ್ಜಿದರೆ ಹೋದೀತು ಎಂದುಕೊಳ್ಳುವುದುಂಟು. ವಸ್ತುಸ್ಥಿತಿ ಬೇರೆ. ತುಕ್ಕೆಂಬುದು ಕಬ್ಬಿಣವೇ, ನೀರಿನ ಸಹವಾಸದಲ್ಲಿ ಆಮ್ಲಜನಕದೊಡನೆ ಕೂಡಿ ಅದು ತಾಳಿದ ರೂಪಾಂತರ. ತಾಮ್ರದ ಮೇಲಣ ಹಸಿರು ಲೇಪವಾದರೋ ಬಹುಮಟ್ಟಿಗೆ ಒಡಲಿಗಂಟಿ ನಿಂತು ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕಿಗೆ ಆ ಗುಣವಿಲ್ಲ. ಅದು ಉಬ್ಬಿ, ಸಡಿಲಗೊಂಡು, ಹಕ್ಕಳೆಯಾಗಿ ಉದುರಿ, ಹೊಸ ಲೋಹವನ್ನು ಮತ್ತೆ ನೀರಿಗೊಡ್ಡುತ್ತದೆ. ಕೊಡಚಾದ್ರಿಯ ಮಳೆಯನ್ನು ಸಹಿಸಿ ನಿಂತ ಕಬ್ಬಿಣದ ಕಂಬವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದು ಅಪವಾದ, ಲಾರಿಯ ತಗಡಿಗೆ ಆ ಭಾಗ್ಯವಿಲ್ಲ.

ಅದರಲ್ಲೂ ಮಲ್ಪೆ, ಮಂಗಳೂರುಗಳ ಬಂದರಿನಿಂದ ಮೀನು ಹೊತ್ತು ಘಟ್ಟವೇರುವ ಲಾರಿಗಳ ಪಾಡು ಕಠಿಣ. ಕಡಲ ಗಾಳಿಯಲ್ಲಿ ಉಪ್ಪು. ಕರಗಿದ ಮಂಜುಗಡ್ಡೆಯ ನೀರಿನಲ್ಲಿ ಉಪ್ಪು. ಚಾಲಕ, ಕ್ಲೀನರುಗಳ ಒದ್ದೆಗಾಲಿನಲ್ಲಿಯೂ ಉಪ್ಪು. ತುಕ್ಕು ಹಿಡಿಯುವುದು ಮೂಲತಃ ಒಂದು ವಿದ್ಯುತ್‌ರಾಸಾಯನಿಕ ವ್ಯಾಪಾರ. ಉಪ್ಪು ಬೆರೆತ ನೀರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುವುದರಿಂದ ಆ ವ್ಯಾಪಾರ ಚುರುಕಾಗುತ್ತದೆ. ಕಾಲಡಿಯ ರಬ್ಬರ್ ಮ್ಯಾಟು ನೀರನ್ನು ಹಿಡಿದಿಟ್ಟುಕೊಂಡು ಕ್ಯಾಬಿನ್ನಿನ ನೆಲವನ್ನು ಮೆಲ್ಲಗೆ ತಿನ್ನಿಸುತ್ತದೆ. ಬಾಗಿಲಿನ ಬುಡ, ಮುಂಗಾಜಿನ ಕೆಳ ಅಂಚು, ಎರಡು ತಗಡುಗಳು ಒಂದರ ಮೇಲೊಂದು ಕುಳಿತ ಸಂದು, ಇವು ಅದರ ಉಳಿದ ಬಿಡಾರಗಳು.

ಹೊಸ ಕ್ಯಾಬಿನ್ ತಂದು ಕೂರಿಸಬಾರದೇ? ಹಳೆಯ ಲಾರಿಗಳಲ್ಲಿ ಅನೇಕವು ಕಾರ್ಖಾನೆಯಿಂದ ಬರಿಯ ಷಾಸಿಯಾಗಿ ಹೊರಬಂದು, ಊರಿನ ಬಾಡಿ ಕಟ್ಟುವವರ ಕೈಯಲ್ಲಿ ಮರ, ತಗಡುಗಳ ಕ್ಯಾಬಿನ್ ಪಡೆದಂಥವು. ಒಂದರಂತೆ ಇನ್ನೊಂದಿಲ್ಲ, ಅಂಗಡಿಯಲ್ಲಿ ಅಚ್ಚುಕಟ್ಟಾದ ಬದಲಿ ಭಾಗ ಸಿಕ್ಕುವಂತಿಲ್ಲ. ಒಂದೇ ಲಾರಿಯನ್ನು ನಂಬಿದ ಮಾಲೀಕನಿಗೆ ಗಾಡಿ ನಿಂತ ದಿನವೆಲ್ಲ ಉಪವಾಸದ ದಿನ. ಆದುದರಿಂದಲೇ ತೇಪೆ.

ತೇಪೆಯ ಕೆಲಸ ಆರಂಭವಾಗುವುದು ಕತ್ತರಿಸುವುದರಿಂದ. ಬಲ್ಲ ಟಿಂಕರ್ ಮೊದಲು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗುತ್ತಾನೆ. ಗಟ್ಟಿ ತಗಡು ಕಣಿ ಎನ್ನುತ್ತದೆ. ಸತ್ತ ತಗಡು ಮಂಕಾಗಿ ನುಡಿಯುತ್ತದೆ. ಕಣ್ಣಿಗೆ ಬಿದ್ದ ತೂತು ರೂಪಾಯಿಯಗಲವಾದರೆ, ತೆಗೆಯಬೇಕಾದ ತಗಡು ಅಂಗೈಯಗಲ. ಹೊಳೆಯುವ ಲೋಹ ಕಾಣುವವರೆಗೆ ಕತ್ತರಿಸಲೇಬೇಕು. ತುಕ್ಕಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ. ಅನಂತರ ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡು, ಅದರಂತೆ ಹೊಸ ತಗಡನ್ನು ಕತ್ತರಿಸಿ, ಹಳೆಯದರ ಬಾಗಿಗೆ ತಕ್ಕಂತೆ ತಟ್ಟಿ ಬಾಗಿಸುತ್ತಾನೆ. ತೇಪೆಯ ಮೂಲೆಗಳು ದುಂಡಗಿರಬೇಕು. ಚೂಪು ಮೂಲೆಯಿಂದ ಬಿರುಕು ಹೊರಡುತ್ತದೆ. ಸತುವಿನ ಲೇಪವಿದ್ದ ತಗಡಾದರೆ ಬೆಸೆಯುವೆಡೆಯಲ್ಲಿ ಆ ಲೇಪವನ್ನು ಉಜ್ಜಿ ತೆಗೆಯಬೇಕು. ಅದರ ಹೊಗೆ ಕುಡಿದವನಿಗೆ ಆ ರಾತ್ರಿ ಚಳಿಜ್ವರ ಬರುವುದುಂಟು.

ಇನ್ನು ಬೆಸುಗೆ. ಎಡ್ಮಂಡ್ ಡೇವಿ 1836ರಲ್ಲಿ ಕಂಡುಹಿಡಿದ ಅಸಿಟಿಲೀನ್ ಅನಿಲ ಆಮ್ಲಜನಕದೊಡನೆ ಉರಿದಾಗ ಜ್ವಾಲೆಯ ಉಷ್ಣತೆ 3,000 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಕಬ್ಬಿಣ ಕರಗಲು 1,538 ಡಿಗ್ರಿ ಸಾಕು. ತಗಡಿನ ದಪ್ಪವಾದರೋ ಸುಮಾರು ಒಂದು ಮಿಲಿಮೀಟರ್. ಹೀಗಿರುವಾಗ ಒಂದೇ ಉಸಿರಿಗೆ ಅಂಚಿನುದ್ದಕ್ಕೂ ಬೆಸೆದುಬಿಟ್ಟರೆ ತಗಡು ಹಪ್ಪಳದಂತೆ ಸೊಟ್ಟಗಾಗುವುದು ನಿಶ್ಚಯ. ಇಲ್ಲೊಂದು ಚುಕ್ಕೆ, ಎದುರು ಮೂಲೆಯಲ್ಲೊಂದು ಚುಕ್ಕೆ, ನಡುವೆ ಆರಲು ಬಿಡುವು. ಹೀಗೆ ಚುಕ್ಕೆಗಳ ನಡುವಣ ಅಂತರವನ್ನು ತುಂಬುತ್ತ ಬರಬೇಕು. ರಂಗೋಲಿಯ ಚುಕ್ಕೆಗಳನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ವಿದ್ಯುತ್ ಬೆಸುಗೆಯಾದರೆ ಬ್ಯಾಟರಿಯ ತಂತಿಯನ್ನು ಮೊದಲೇ ಬಿಚ್ಚಿಡಬೇಕು. ಯಾವ ವಿಧಾನದಲ್ಲೇ ಆಗಲಿ, ಸೀಟು, ಮ್ಯಾಟುಗಳನ್ನು ಹೊರಗಿಟ್ಟು ಪಕ್ಕದಲ್ಲಿ ನೀರಿನ ಬಕೆಟ್ಟು ಇರಿಸಿಕೊಳ್ಳದೆ ಬೆಂಕಿ ಹೊತ್ತಿಸುವುದು ಹುಡುಗಾಟವಲ್ಲದೆ ಬೇರಲ್ಲ.

ಇದೆಲ್ಲಕ್ಕೂ ಅಡ್ಡದಾರಿಯೊಂದುಂಟು: ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುವುದು. ಎಫ್.ಸಿ.ಗೆ ಹೋಗುವ ಮುನ್ನ ಹೀಗೆ ಮಾಡಿಸುವವರಿದ್ದಾರೆ. ಕಣ್ಣಿಗೆ ಅದು ಬೆಸುಗೆಗಿಂತ ನುಣುಪು. ಆದರೆ ಪುಟ್ಟಿ ಭಾರ ಹೊರುವ ವಸ್ತುವಲ್ಲ. ಬಾಗಿಲಿನ ಕೀಲು ಕೂರುವ ಕಂಬವೋ ಸೀಟಿನ ಬೋಲ್ಟು ಹಿಡಿದ ನೆಲವೋ ಒಳಗೊಳಗೇ ಕರಗಿದ್ದರೆ, ಘಟ್ಟದ ತಿರುವಿನಲ್ಲಿ ಅದು ಪ್ರಾಣದ ಪ್ರಶ್ನೆ. ಇದನ್ನು ಜಾಣತನವೆಂದು ಕರೆಯಲು ನನ್ನ ನಾಲಗೆ ಏಳದು.

ಬೆಸುಗೆ ಉಜ್ಜಿ ಸಮಮಾಡಿದ ಮೇಲೆ ರೆಡ್ ಆಕ್ಸೈಡ್ ಬಳಿಯಬೇಕು, ಒಳಮೈಗೂ ಬಳಿಯಬೇಕು. ಜ್ವಾಲೆ ತಾಕಿದೆಡೆಯಲ್ಲಿ ಹಿಂಬದಿಯ ಬಣ್ಣವೂ ಸುಟ್ಟುಹೋಗಿರುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲೆಂದು ಬಿಟ್ಟ ಸಣ್ಣ ರಂಧ್ರಗಳಿರುತ್ತವೆ. ಬಣ್ಣದವರು ಅವನ್ನೂ ದೋಷವೆಂದು ತಿಳಿದು ಮುಚ್ಚುವುದುಂಟು. ಗಾಡಿ ಷೆಡ್ಡಿನಿಂದ ಹೊರಡುವ ಮುನ್ನ ಒಂದು ತಂತಿಯ ತುಂಡಿನಿಂದ ಅವನ್ನು ಚುಚ್ಚಿ ತೆರೆಯಬೇಕು.